ಖಂಡೇನವಮಿಯಂದು ತೆರೆಯದ ಪ್ರೋಗ್ರಾಂ

2004ರಲ್ಲಿ ನಾನು ಪುಣೆಯ ವಿಮಾನ ನಗರದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಸಪೋರ್ಟ್ ಅಸಿಸ್ಟೆಂಟ್ ಆಗಿದ್ದೆ. ಹುದ್ದೆಯ ಹೆಸರು ಕೇಳಿದರೆ ಏನೋ ಅನ್ನಿಸಬಹುದು. ಕೆಲಸ ಮಾತ್ರ ಕಾರ್ಖಾನೆಗಳಿಗೆ ಹೋಗಿ ಕಂಪ್ಯೂಟರಿಗೆ ಕೇಬಲ್ ಚುಚ್ಚುವುದು, ನಿಂತುಹೋದದ್ದನ್ನು ಮತ್ತೆ ನಡೆಸುವುದು, ಬೈಸಿಕೊಂಡು ವಾಪಸು ಬರುವುದು. ನನ್ನ ಊರು ನಿಪ್ಪಾಣಿ. ಅವ್ವ ಬೀಡಿ ಕಟ್ಟುತ್ತಿದ್ದಳು, ಅಪ್ಪ ತಂಬಾಕಿನ ವಖಾರಿಯಲ್ಲಿ ಚೀಲ ಹೊರುತ್ತಿದ್ದ. ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವಳು ನಾನು: ಗಣಿತದಲ್ಲಿ ಬಿ.ಎಸ್ಸಿ., ಅದೂ ಫಸ್ಟ್ ಕ್ಲಾಸ್. ಇದನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಹೇಳಿಕೊಳ್ಳಬಾರದು ಎನ್ನುವವರ ಮನೆಯಲ್ಲಿ ಅಜ್ಜನ ಕಾಲದಿಂದಲೂ ಪದವಿಗಳಿರುತ್ತವೆ.

ನನ್ನ ಮ್ಯಾನೇಜರ್ ಶ್ರೀಕಾಂತ ಸರ್ ಅಂಥ ಮನೆಯವರು. ಧಾರವಾಡದಲ್ಲಿ ಹುಟ್ಟಿ ಬೆಳೆದವರು, ಎಂಜಿನಿಯರ್. ನಾನು ಸೇರಿದ ಮೊದಲ ದಿನ ನನ್ನ ಊರು ಕೇಳಿ, "ಅಯ್ಯ, ನಮ್ಮವರೇ ಆದ್ರಲ್ರೀ! ನಾ ಇದ್ದೀನಿ, ಚಿಂತಿ ಮಾಡಬ್ಯಾಡ್ರಿ" ಎಂದಿದ್ದರು. ಪರವೂರಿನಲ್ಲಿ ನಮ್ಮ ಭಾಷೆ ಆಡುವ ಮೇಲಧಿಕಾರಿ ಸಿಕ್ಕರಲ್ಲ ಎಂದು ಆ ಸಂಜೆ ಅವ್ವನಿಗೆ ಫೋನು ಮಾಡಿ ಹೇಳಿದ್ದೆ. ವಾರ ಕಳೆಯುವುದರೊಳಗೆ ಚಹಾದ ಹೊತ್ತಿನಲ್ಲಿ ಎಲ್ಲರೆದುರು ಅವರದೇ ನಗೆಮಾತು: "ನಮ್ಮ ಮಂಗಲಾ ನಿಪ್ಪಾಣಿಯವರು ನೋಡ್ರಿ, ಅರ್ಧಾ ಕನ್ನಡ, ಅರ್ಧಾ ಮರಾಠಿ. ಪೂರಾ ಯಾವುದೂ ಇಲ್ಲ." ನಾನು 'ಮಾಡಲಿಕ್ಕೆ', 'ಹೋಗಲಿಕ್ಕೆ' ಎನ್ನದೆ 'ಮಾಡಾಕ', 'ಹೋಗಾಕ' ಅಂದಾಗಲೆಲ್ಲ ಅವರು ನನ್ನ ದನಿಯಲ್ಲೇ ಅದನ್ನು ಮತ್ತೊಮ್ಮೆ ಅನ್ನುತ್ತಿದ್ದರು. ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ, ನಗದೇ ಇದ್ದರೆ ಇನ್ನಷ್ಟು ಹೊತ್ತು ನಡೆಯುತ್ತದೆ ಎಂದು.

ಪುಣೆಯಿಂದ ಶಿರೂರಿಗೆ ಹೋಗುವ ರಸ್ತೆಯಲ್ಲಿದ್ದ ಒಂದು ಕಾರ್ಖಾನೆ ನಮ್ಮ ಗಿರಾಕಿ. ಅಲ್ಲಿ ಮೋಟಾರು ವಾಹನಗಳಿಗೆ ಶಾಫ್ಟ್ ತಯಾರಾಗುತ್ತಿದ್ದವು. ಶಾಫ್ಟ್ ಅಂದರೆ ತಿರುಗುವ ಕಬ್ಬಿಣದ ದಂಡ. ಕೂದಲೆಳೆಯಷ್ಟು ದಪ್ಪವಾದರೂ, ತೆಳುವಾದರೂ ಇಡೀ ಲಾಟು ವಾಪಸು ಬರುತ್ತದೆ. ಇನ್‌ಸ್ಪೆಕ್ಷನ್ ಕೋಣೆಯಲ್ಲಿ ಗೇಜಿನಿಂದ ಅಳೆದು, ಅಂಕಿಗಳನ್ನು ಕೈಯಿಂದ ಬರೆದು, ಆಮೇಲೆ ಯಾರೋ ಅವನ್ನು ಕಂಪ್ಯೂಟರಿಗೆ ತುಂಬುತ್ತಿದ್ದರು. ಮೆಷಿನ್ ಹಾದಿ ತಪ್ಪುತ್ತಿದೆ ಎಂದು ಗೊತ್ತಾಗುವ ಹೊತ್ತಿಗೆ ನೂರಾರು ಶಾಫ್ಟ್ ಕೆಟ್ಟಿರುತ್ತಿದ್ದವು. ನಾನು ಗೇಜಿನ ಕೇಬಲನ್ನು ನೇರ ಕಂಪ್ಯೂಟರಿಗೆ ಜೋಡಿಸಿ, ಅಂಕಿಗಳನ್ನು ಓದಿ, ಅಳತೆ ಜಾರುವ ಮೊದಲೇ ಕೆಂಪು ಗೆರೆ ತೋರಿಸುವ ಸ್ಕ್ರಿಪ್ಟುಗಳನ್ನು ಪೈಥಾನ್ ಭಾಷೆಯಲ್ಲಿ ಬರೆದೆ. ಯಾರೂ ಬರೆಯಲು ಹೇಳಿರಲಿಲ್ಲ. ಆ ಭಾಷೆಯನ್ನೂ ನಾನೇ ಕಲಿತದ್ದು, ಕಾರ್ಖಾನೆಯ ಬಸ್ಸಿನಲ್ಲಿ ಪುಸ್ತಕ ಓದಿ.

ಇಲ್ಲಿ ಸ್ವಲ್ಪ ವಿವರಿಸಬೇಕು. ಸ್ಕ್ರಿಪ್ಟ್ ಅಂದರೆ ಬರೆದಿಟ್ಟ ಸೂಚನೆಗಳು, ಅಷ್ಟೇ. ಅವು ತಾವಾಗಿ ನಡೆಯುವುದಿಲ್ಲ. ಅವನ್ನು ಓದಿ ನಡೆಸಲು ಇಂಟರ್‌ಪ್ರಿಟರ್ ಎಂಬ ಇನ್ನೊಂದು ಪ್ರೋಗ್ರಾಂ ಆ ಕಂಪ್ಯೂಟರಿನಲ್ಲಿ ಇರಲೇಬೇಕು. ನಮ್ಮ ಆಫೀಸಿನ ಎಲ್ಲ ಕಂಪ್ಯೂಟರುಗಳಲ್ಲೂ, ಕಾರ್ಖಾನೆಯ ಇನ್‌ಸ್ಪೆಕ್ಷನ್ ಕೋಣೆಯ ಕಂಪ್ಯೂಟರಿನಲ್ಲೂ ನಾನೇ ಕುಳಿತು ಪೈಥಾನ್ ಹಾಕಿದ್ದೆ. ಹೊಸ ಕಂಪ್ಯೂಟರ್ ಬಂದಾಗಲೆಲ್ಲ ನಾನೇ ಹೋಗಬೇಕಾಗುತ್ತಿತ್ತು. ಇದಕ್ಕೆ ಪರಿಹಾರ ಸ್ಟ್ಯಾಂಡ್‌ಅಲೋನ್ ಅಪ್ಲಿಕೇಶನ್: ಸ್ಕ್ರಿಪ್ಟು, ಇಂಟರ್‌ಪ್ರಿಟರು, ಬೇಕಾದ ಸಾಮಾನೆಲ್ಲ ಒಂದೇ ಫೋಲ್ಡರಿನಲ್ಲಿ ಕಟ್ಟಿಕೊಡುವುದು. ಬೀಗರ ಊರಿಗೆ ಹೊರಟ ದಿಬ್ಬಣ ತನ್ನ ಅಡುಗೆಯವನನ್ನೂ ಪಾತ್ರೆ ಪಡಗವನ್ನೂ ಜೊತೆಗೇ ಕರೆದೊಯ್ದ ಹಾಗೆ. ಎದುರಿನ ಕಂಪ್ಯೂಟರಿನಲ್ಲಿ ಏನೂ ಇಲ್ಲದಿದ್ದರೂ ಐಕಾನಿನ ಮೇಲೆ ಎರಡು ಸಲ ಒತ್ತಿದರೆ ಪ್ರೋಗ್ರಾಂ ತೆರೆಯುತ್ತದೆ. ಆ ಕಾಲಕ್ಕೆ ಇದನ್ನು ಮಾಡುವ ಉಚಿತ ಸಲಕರಣೆಗಳು ಬಂದಿದ್ದವು. ಆದರೆ ಹೇಳಿಕೊಡುವವರು ಇರಲಿಲ್ಲ. ಮಳೆಗಾಲವಿಡೀ ತಪ್ಪು ಮಾಡಿ ಮಾಡಿ ಕಲಿತೆ. ಕಿಟಕಿ, ಬಟನ್ನು, ಗ್ರಾಫು ಎಲ್ಲ ಸೇರಿ ಅದು ನಿಜವಾದ ಸಾಫ್ಟ್‌ವೇರಿನಂತೆ ತೆರೆದುಕೊಂಡ ದಿನ ನಾನು ಹೋಗಿ ಶ್ರೀಕಾಂತ ಸರ್‌ಗೆ ತೋರಿಸಿದೆ.

ಅವರು ಒಂದೊಂದೇ ಬಟನ್ನು ಒತ್ತಿ ನೋಡಿದರು. ಆಮೇಲೆ, "ಸೋರ್ಸ್ ಕೋಡ್ ನನ್ನ ಫೋಲ್ಡರ್‌ನಾಗ ಹಾಕ್ರಿ" ಎಂದರು.

ಬರೆದದ್ದನ್ನೆಲ್ಲ ಹಾಕಿದೆ. ಕೆಲವು ದಿನಗಳಲ್ಲಿ ಪ್ರೋಗ್ರಾಮಿನ 'ಅಬೌಟ್' ಕಿಟಕಿ ತೆರೆದು ನೋಡಿದರೆ, ತಯಾರಿಸಿದವರು ಎಂಬಲ್ಲಿ ಶ್ರೀಕಾಂತ ಸರ್ ಹೆಸರಿತ್ತು. ನನ್ನದು ಎಲ್ಲಿಯೂ ಇರಲಿಲ್ಲ. ಕೇಳಲು ಹೋದೆ. ಅವರು ಕುರ್ಚಿ ತಿರುಗಿಸಿ ಕೂತು, ತೀರ ಪ್ರೀತಿಯಿಂದಲೇ ಹೇಳಿದರು:

"ನೋಡ್ರಿ ಮಂಗಲಾ, ಸಪೋರ್ಟ್‌ದವರ ಹೆಸರು ಪ್ರಾಡಕ್ಟ್ ಮ್ಯಾಲೆ ಹಾಕ್ಲಿಕ್ಕೆ ಬರೂದಿಲ್ಲ. ಗಿರಾಕಿ ಏನ ತಿಳ್ಕೋತಾನ? ಮತ್ತ ಇನ್ನೊಂದು ಮಾತು. ಈಗ ಇದು ತಾನs ಓಡ್ತದ. ಸ್ಕ್ರಿಪ್ಟ್ ನಡಸ್ಲಿಕ್ಕೆ ಅಂತ ಒಬ್ಬರನ್ನ ಇಟ್ಕೊಳ್ಳೋದು ಕಂಪನಿಗೆ ಕಷ್ಟ ಆಗ್ತದ. ಡೆಮೋ ಮುಗದ್ ಮ್ಯಾಲೆ, ಈ ತಿಂಗಳು ಕೊನಿಗೆ... ನಿಪ್ಪಾಣಿಯೊಳಗs ಏನರ ಸಾಲಿ-ಪಾಲಿ ಕೆಲಸ ನೋಡ್ಕೋರಿ. ಬಿ.ಎಸ್ಸಿ. ಆಗೇದಲ್ಲ?"

ನಾನು ಕಟ್ಟಿದ ಪ್ರೋಗ್ರಾಂ ಯಾರ ಹಂಗೂ ಇಲ್ಲದೆ ನಡೆಯತೊಡಗಿದ್ದೇ ನನ್ನನ್ನು ಕೆಲಸದಿಂದ ತೆಗೆಯಲು ಕಾರಣವಾಯಿತು. ಆ ದಿನ ನಾನು ಅಳಲಿಲ್ಲ. ಆದರೆ ಇವರನ್ನು ಇಷ್ಟಕ್ಕೇ ಬಿಡುವುದಿಲ್ಲ ಎಂದು ನಿರ್ಧರಿಸಿದೆ. ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ. ದಾರಿಯನ್ನು ಅವರೇ ಮಾಡಿಕೊಟ್ಟರು.

ಗಿರಾಕಿಗೆ ಅವರು ಇದು ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದ ಪ್ರಾಡಕ್ಟ್ ಎಂದು ಹೇಳಿಬಿಟ್ಟಿದ್ದರು. ಸ್ಕ್ರಿಪ್ಟ್ ಎಂದರೆ ಅಗ್ಗದ ಮಾಲು ಎಂಬುದು ಅವರ ಎಣಿಕೆ. ಕಾರ್ಖಾನೆಯವರಿಗೆ ನಡೆಸಿ ತೋರಿಸುವ ಡೆಮೋಗೆ ಒಯ್ಯುವ ಸಿ.ಡಿ.ಗೆ ಲೇಬಲ್ ಅಂಟಿಸಲು ನನಗೇ ಕೊಟ್ಟರು. ಸಿ.ಡಿ. ತೆರೆದು ನೋಡಿದೆ. ಪೈಥಾನ್ ಡಿ.ಎಲ್.ಎಲ್. ಎಂಬ ಫೈಲು ಅದರಲ್ಲಿ ಇರಲಿಲ್ಲ. ಇಂಟರ್‌ಪ್ರಿಟರಿನ ಜೀವವೇ ಆ ಫೈಲು, ದಿಬ್ಬಣದ ಅಡುಗೆಯವನು. ಫೋಲ್ಡರಿನಲ್ಲಿ ಪೈಥಾನ್ ಎಂಬ ಹೆಸರು ಗಿರಾಕಿಯ ಕಣ್ಣಿಗೆ ಬೀಳಬಾರದೆಂದು ಅವರು ಅದನ್ನು ಅಳಿಸಿಹಾಕಿದ್ದರು.

ಅಳಿಸಿದ ಮೇಲೂ ಪ್ರೋಗ್ರಾಂ ಅವರ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ನಡೆದಿತ್ತು. ಏಕೆಂದರೆ ನಾನು ಪೈಥಾನ್ ಹಾಕಿದ ಪ್ರತಿ ಕಂಪ್ಯೂಟರಿನ ವಿಂಡೋಸ್ ಫೋಲ್ಡರಿನಲ್ಲಿ ಅದೇ ಫೈಲಿನ ಇನ್ನೊಂದು ಪ್ರತಿ ಕೂತಿರುತ್ತಿತ್ತು. ಪಕ್ಕದ ಮೇಜಿನ ಕಂಪ್ಯೂಟರಿನಲ್ಲಿ ನೋಡಿದರು, ನಡೆಯಿತು. ಕಾರ್ಖಾನೆಯ ಇನ್‌ಸ್ಪೆಕ್ಷನ್ ಕೋಣೆಗೂ ಹೋಗಿ ನೋಡಿ ಬಂದರು, ಅಲ್ಲಿಯೂ ನಡೆಯಿತು. ಅಡುಗೆಯವನನ್ನು ಮನೆಯಲ್ಲೇ ಬಿಟ್ಟು ಹೊರಟರೂ ಅವರು ಹೋದ ಮನೆಯಲ್ಲೆಲ್ಲ ನನ್ನ ಅಡುಗೆಯವನೇ ಬಡಿಸುತ್ತಿದ್ದ.

ನಾನು ಎಚ್ಚರಿಸಿದೆ. ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಕನ್ನಡ ಬಲ್ಲ ಇಬ್ಬರು ಪ್ರೋಗ್ರಾಮರುಗಳು ಕೂತಿದ್ದಾಗಲೇ ಅವರ ಮೇಜಿಗೆ ಹೋಗಿ, "ಸರ್, ಸಿ.ಡಿ.ಯಾಗ ಪೈಥಾನ್ ಡಿ.ಎಲ್.ಎಲ್. ಇಲ್ಲ. ಬ್ಯಾರೆ ಕಂಪ್ಯೂಟರ್‌ನಾಗ ಓಡಾಕ ಅದು ಬೇಕು" ಎಂದೆ.

"'ಓಡಾಕ' ಬೇಕೇನ್ರಿ?" ಎಂದು ಅವರು ಪ್ರೋಗ್ರಾಮರುಗಳ ಕಡೆ ನೋಡಿ ನಕ್ಕರು. "ನಾಕ್ ಕಡೆ ನಾನs ಓಡ್ಸಿ ನೋಡೀನಿ. ನೀವು ಲೇಬಲ್ ಅಂಟಸ್ರಿ."

ಅಂಟಿಸಿದೆ. ಆಮೇಲೆ ನನ್ನ ಕಂಪ್ಯೂಟರಿಗೆ ಹೋಗಿ, ಎಲ್ಲ ಫೈಲುಗಳೂ ಇರುವ ಇನ್ನೊಂದು ಸಿ.ಡಿ. ಮಾಡಿ ನನ್ನ ಚೀಲಕ್ಕೆ ಹಾಕಿಕೊಂಡೆ.

ಡೆಮೋದ ದಿನ ಖಂಡೇನವಮಿ, ಅಂದರೆ ಆಯುಧಪೂಜೆ. ಕಾರ್ಖಾನೆಯ ಮಾಲೀಕರಾದ ಅಣ್ಣಾಸಾಹೇಬರ ಮನೆಯವರೆಲ್ಲ ಪೂಜೆಗೆ ಬರುತ್ತಾರೆ, ಒಳ್ಳೆಯ ದಿನ, ಹೊಸ ಸಾಫ್ಟ್‌ವೇರ್ ಅಂದೇ ತೆರೆಯೋಣ ಎಂದು ಅವರೇ ಗೊತ್ತುಮಾಡಿದ್ದರು. ಶ್ರೀಕಾಂತ ಸರ್ ಟೈ ಕಟ್ಟಿಕೊಂಡು ಬಂದಿದ್ದರು. ವೈರು ಹಚ್ಚಲು ಒಬ್ಬರು ಬೇಕೆಂದು ನನ್ನನ್ನೂ ಕರೆತಂದಿದ್ದರು. ಕಾರಿನಲ್ಲಿ ವಾಘೋಲಿ ದಾಟುವವರೆಗೂ ಅವರು ತಮ್ಮ ಭಾಷಣವನ್ನು ಇಂಗ್ಲಿಷಿನಲ್ಲಿ ತಾವೇ ಹೇಳಿಕೊಳ್ಳುತ್ತಿದ್ದರು.

ನನಗೆ ಒಂದು ವಿಷಯ ಗೊತ್ತಿತ್ತು. ಹಿಂದಿನ ವರ್ಷವೂ ಖಂಡೇನವಮಿಯಂದು ನಾನು ಆ ಕಾರ್ಖಾನೆಯಲ್ಲಿದ್ದೆ. ಶಾಫ್ಟ್ ಕಡೆಯುವ ಲೇಥ್ ಯಂತ್ರಗಳನ್ನು ತೊಳೆದು ಚೆಂಡುಹೂವಿನ ಮಾಲೆ ಹಾಕುತ್ತಾರೆ. ಗೇಜುಗಳನ್ನು ಮಣೆಯ ಮೇಲೆ ಸಾಲಾಗಿ ಇಟ್ಟು ಕುಂಕುಮ ಹಚ್ಚುತ್ತಾರೆ. ಇನ್‌ಸ್ಪೆಕ್ಷನ್ ಕೋಣೆಯ ಕಂಪ್ಯೂಟರಿಗೂ ಅದೇ ಮಾಲೆ, ಅದೇ ಕುಂಕುಮ. ಪೂಜೆಗೆ ಕೂತದ್ದನ್ನು ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಶ್ರೀಕಾಂತ ಸರ್ ಕಾರ್ಖಾನೆಗೆ ಬರುತ್ತಿದ್ದದ್ದು ಅಪರೂಪ, ಹಬ್ಬದ ದಿನ ಎಂದೂ ಬಂದಿರಲಿಲ್ಲ, ಅವರಿಗೆ ಇದು ಗೊತ್ತಿರಲಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಇನ್‌ಸ್ಪೆಕ್ಷನ್ ಕೋಣೆಯ ಬಾಗಿಲಲ್ಲಿ ಹಿರಿಯ ಫೋರ್ಮನ್ ಬಾಪೂ ನಿಂತಿದ್ದರು. ಸರ್ ನೇರ ಒಳಗೆ ಹೋಗಿ ಕಂಪ್ಯೂಟರಿನ ಬಟನ್ನಿಗೆ ಕೈ ಚಾಚಿದರು.

"ಥಾಂಬಾ, ಥಾಂಬಾ ಸಾಹೇಬ!" ಬಾಪೂ ಅವರ ಕೈ ಹಿಡಿದೇಬಿಟ್ಟರು. ಮುಂದಿನದೆಲ್ಲ ಮರಾಠಿಯಲ್ಲೇ ನಡೆಯಿತು. "ಪೂಜೆಗೆ ಕೂತದ್ದು ಕಾಣುವುದಿಲ್ಲವೇ? ಇವತ್ತು ಇದಕ್ಕೆ ರಜೆ."

"ಅಹೋ, ಇದು ಕಂಪ್ಯೂಟರ್. ಆಯುಧವಲ್ಲ."

"ವರ್ಷವಿಡೀ ನನ್ನ ಜೊತೆ ಪಾಳಿ ಮಾಡಿದೆ. ನೀವು ಮಾಡಿದ್ದೀರಾ?"

ಎಲ್ಲರೂ ನಕ್ಕರು. ಅಣ್ಣಾಸಾಹೇಬರು ಸಮಾಧಾನ ಮಾಡಿದರು: ತೊಂದರೆಯಿಲ್ಲ, ಈ ಸಾಫ್ಟ್‌ವೇರಿಗೆಂದೇ ಹೊಸ ಕಂಪ್ಯೂಟರ್ ತರಿಸಿದ್ದೇನೆ, ಕ್ಯಾಬಿನ್‌ನಲ್ಲಿದೆ, ಬೆಳಿಗ್ಗೆಯಷ್ಟೇ ಪೆಟ್ಟಿಗೆಯಿಂದ ತೆಗೆದದ್ದು. ಅದನ್ನು ಮುಟ್ಟಬಹುದೇ ಎಂದು ಯಾರೋ ಬಾಪೂರನ್ನು ಕೇಳಿದರು. "ನಿನ್ನೆಯವರೆಗೆ ದುಡಿದದ್ದಕ್ಕೆ ಇವತ್ತು ವಿಶ್ರಾಂತಿ. ಅದು ಇನ್ನೂ ದುಡಿದೇ ಇಲ್ಲವಲ್ಲ" ಎಂದು ಬಾಪೂ ತೀರ್ಪು ಕೊಟ್ಟರು.

ಸರ್ ಮುಖದಲ್ಲಿ ಚಿಂತೆಯ ಗೆರೆಯೂ ಇರಲಿಲ್ಲ. ಕ್ಯಾಬಿನ್ ತುಂಬ ಜನ: ಮಾಲೀಕರು, ಅವರ ಅಣ್ಣತಮ್ಮಂದಿರು, ಎಂಜಿನಿಯರಿಂಗ್ ಓದುತ್ತಿದ್ದ ಮಗಳು, ಬಾಗಿಲಲ್ಲಿ ಬಾಪೂ. ಗೇಜುಗಳೂ ಪೂಜೆಗೆ ಕೂತಿದ್ದರಿಂದ ಹಿಂದಿನ ವಾರದ ಅಳತೆಗಳನ್ನು ಸಿ.ಡಿ.ಯಿಂದಲೇ ತೋರಿಸುವುದೆಂದಾಯಿತು. ಸರ್ ಭಾಷಣ ಮಾಡಿದರು. ಇದನ್ನು ತಾವು ಹೇಗೆ ಕಲ್ಪಿಸಿಕೊಂಡರು, ಸಿ ಪ್ಲಸ್ ಪ್ಲಸ್ ಎಷ್ಟು ಬಲವಾದ ಭಾಷೆ, ಇನ್ನು ಮುಂದೆ ಯಾರ ಸಹಾಯವೂ ಇಲ್ಲದೆ ಇದು ಹೇಗೆ ನಡೆಯುತ್ತದೆ. ಫೋಲ್ಡರನ್ನು ಹೊಸ ಕಂಪ್ಯೂಟರಿಗೆ ಇಳಿಸಿ ಐಕಾನಿನ ಮೇಲೆ ಎರಡು ಸಲ ಒತ್ತಿದರು.

ಪರದೆಯ ನಡುವೆ ಒಂದು ಚಿಕ್ಕ ಪೆಟ್ಟಿಗೆ ಮೂಡಿತು, ದೋಷದ ಸಂದೇಶ. ಮತ್ತೆ ಒತ್ತಿದರು, ಮತ್ತೆ ಅದೇ. ಕಂಪ್ಯೂಟರ್ ಆರಿಸಿ ಹಚ್ಚಿದರು. ಅದೇ ಪೆಟ್ಟಿಗೆ.

ಮಗಳು ಬಗ್ಗಿ ಓದಿದಳು. "ಬಾಬಾ, ಪೈಥಾನ್ ಡಿ.ಎಲ್.ಎಲ್. ಸಿಗಲಿಲ್ಲ ಎನ್ನುತ್ತಿದೆ." ಆಮೇಲೆ ಸರ್ ಕಡೆ ತಿರುಗಿ, "ಸಿ ಪ್ಲಸ್ ಪ್ಲಸ್ ಎಂದಿರಲ್ಲ? ಇದರಲ್ಲಿ ಪೈಥಾನ್ ಯಾಕೆ ಬಂತು?"

"ಪೈಥಾನ್ ಮ್ಹಣಜೇ ಅಜಗರ ನಾ?" ಪೈಥಾನ್ ಅಂದರೆ ಹೆಬ್ಬಾವಲ್ಲವೇ ಎಂದು ಬಾಗಿಲಿನಿಂದ ಬಾಪೂ. ಮತ್ತೆ ನಗು.

"ವಿಂಡೋಸ್‌ನ ಸಮಸ್ಯೆ ಇದು, ಹೊಸ ಮೆಷಿನ್ ಅಲ್ಲವೇ..." ಎನ್ನುತ್ತ ಸರ್ ಕರವಸ್ತ್ರ ತೆಗೆದರು. ಅವರು ಮುಚ್ಚಿಡಲು ಅಳಿಸಿದ ಹೆಸರೇ ಪರದೆಯ ನಟ್ಟನಡುವೆ ನಿಂತಿತ್ತು. ನಾನು ಗೋಡೆಗೆ ಒರಗಿ ನಿಂತೇ ಇದ್ದೆ. ವೈರು ಹಚ್ಚುವುದು ನನ್ನ ಕೆಲಸ, ಹಚ್ಚಿಯಾಗಿತ್ತು.

ಕೊನೆಗೆ ಅವರು ನನ್ನ ಪಕ್ಕಕ್ಕೆ ಬಂದರು. ಉಳಿದವರಿಗೆ ತಿಳಿಯದಿರಲೆಂದು ಕನ್ನಡದಲ್ಲಿ, ತುಟಿ ಅಲುಗದಂತೆ ಕೇಳಿದರು:

"ಮಂಗಲಾ, ಆ ಫೈಲ್ ಅದ ಏನ್ರಿ ನಿಮ್ಮ ಹತ್ರ?"

"ಐತ್ರಿ ಸರ್. ಚೀಲದಾಗ ಐತಿ."

"ಮತ್ತ ಕೊಡ್ರೆಲಾ, ಏನ ನೋಡ್ಕೋತ ನಿಂತೀರಿ?"

"ಮದಲ ಇವರಿಗೆ ಹೇಳ್ರಿ."

"ಏನ ಹೇಳ್ಲಿ?"

"ಇದನ್ನ ಯಾರು ಬರದಾರ, ಯಾವದರಾಗ ಬರದಾರ ಅಂತ."

"ಇದು ಆ ಮಾತಿನ ಜಾಗಾ ಅಲ್ರಿ. ಆಫೀಸಿಗೆ ಹೋಗಿ ನೋಡೋಣು. ನಾವ್ ನಾವು ಒಂದs ಕಡೆಯವರು, ನನ್ನ ಮರ್ಯಾದಿ ಉಳಸ್ರಿ."

ಒಂದೇ ಕಡೆಯವರು. ಇಷ್ಟು ದಿನ ಎಲ್ಲಿತ್ತು ಆ ಕಡೆ? ಅಣ್ಣಾಸಾಹೇಬರ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, ಸರ್ ಆಡಿಕೊಂಡು ನಗುತ್ತಿದ್ದ ನನ್ನ ನಿಪ್ಪಾಣಿಯ ಮರಾಠಿಯಲ್ಲಿ ಹೇಳಿದೆ: "ಅಣ್ಣಾ, ಪ್ರೋಗ್ರಾಂ ಈಗಲೇ ನಡೆಯುತ್ತದೆ. ಅದಕ್ಕೂ ಮೊದಲು ಸರ್ ನಿಮಗೆ ಒಂದು ಮಾತು ಹೇಳಬೇಕಂತೆ."

ಎಲ್ಲರೂ ಅವರ ಕಡೆ ತಿರುಗಿದರು. ಸರ್ ಗಂಟಲು ಸರಿಮಾಡಿಕೊಂಡರು. "ಅಂದರೆ... ಇದರಲ್ಲಿ ಸ್ವಲ್ಪ ಪೈಥಾನ್ ಬಳಸಿದ್ದೇವೆ. ನಮ್ಮ ಟೀಮ್ ಮಾಡಿದೆ."

"ಟೀಮಿನಲ್ಲಿ ಯಾರ್‍ಯಾರು ಸರ್?" ಎಂದೆ.

ಅವರು ನನ್ನನ್ನು ನೋಡಿದರು. ಆ ನೋಟವನ್ನು ನಾನು ಇಂದಿಗೂ ಆಗಾಗ ನೆನೆಸಿಕೊಳ್ಳುತ್ತೇನೆ, ನೆನೆದಾಗಲೆಲ್ಲ ಹಿತವಾಗುತ್ತದೆ. "ಇದನ್ನು ಬರೆದದ್ದು ಮಂಗಲಾ," ಎಂದರು. "ಇಡೀ ಪ್ರೋಗ್ರಾಂ ಪೈಥಾನ್‌ನಲ್ಲಿದೆ."

ಚೀಲದಿಂದ ಸಿ.ಡಿ. ತೆಗೆದೆ. ಅವರು ಕೈ ಚಾಚಿದರು. ಅವರ ಕೈಗೆ ಕೊಡದೆ ನಾನೇ ಕುರ್ಚಿಯಲ್ಲಿ ಕೂತೆ. ಪ್ರೋಗ್ರಾಂ ತೆರೆಯಿತು. ಹಿಂದಿನ ವಾರದ ಅಂಕಿಗಳು ಗ್ರಾಫಿನಲ್ಲಿ ಒಂದೊಂದಾಗಿ ಕೂತವು, ಒಂದು ಕಡೆ ಗೆರೆ ನಿಧಾನವಾಗಿ ಏರುತ್ತ ಹೋಗಿ ಕೆಂಪಾಯಿತು. ಬಾಪೂ ಬಾಗಿಲು ಬಿಟ್ಟು ಒಳಗೆ ಬಂದರು. "ಇದು ಮೂರನೇ ಲೇಥಿನದು. ಅವತ್ತು ನನಗೆ ಗೊತ್ತಾದದ್ದು ಮಧ್ಯಾಹ್ನದ ಊಟ ಆದಮೇಲೆ. ಇದು ಯಾವಾಗ ತೋರಿಸುತ್ತಿತ್ತು, ತಾಯಿ?" ಬೆಳಗಿನ ಚಹಾಕ್ಕೂ ಮೊದಲು ಎಂದು ಅಂಕಿ ತೋರಿಸಿದೆ.

ಅಣ್ಣಾಸಾಹೇಬರಿಗೆ ಭಾಷೆ ಯಾವುದಾದರೆ ಏನು? ಅವರನ್ನು ಕೆರಳಿಸಿದ್ದು ಸರ್ ಆಡಿದ ಸುಳ್ಳು. ಪೇಢೆಯ ತಟ್ಟೆಯನ್ನು ನನ್ನ ಮುಂದೆ ಹಿಡಿದು, ಸರ್‌ಗೆ ಹೇಳಿದರು: "ಇನ್ನು ಮುಂದೆ ಈ ಕೆಲಸಕ್ಕೆ ಈಕೆಯನ್ನೇ ಕಳಿಸಿ. ಈಕೆ ಇಲ್ಲವೆಂದರೆ ನನಗೆ ನಿಮ್ಮ ಸಾಫ್ಟ್‌ವೇರೂ ಬೇಡ." ವಾಪಸು ಬರುವಾಗ ಸರ್ ಕಾರಿನಲ್ಲಿ ಟೈ ಬಿಚ್ಚಿ ಜೇಬಿಗೆ ತುರುಕಿಕೊಂಡರು. ನಾನು ದಾರಿಯುದ್ದಕ್ಕೂ ಪೇಢೆ ತಿಂದೆ.

ತಿಂಗಳ ಕೊನೆಗೆ ನಾನು ನಿಪ್ಪಾಣಿಗೆ ಹೋಗಲಿಲ್ಲ, ಡೆವಲಪರ್‌ಗಳ ಸಾಲಿನಲ್ಲಿ ಹೋಗಿ ಕೂತೆ. ಇಂಥದು ಮತ್ತೆ ಆಗದಂತೆ ಏನು ಮಾಡಬೇಕು ಎಂದು ಕಂಪನಿಯ ಡೈರೆಕ್ಟರ್ ನನ್ನನ್ನು ಕೇಳಿದರು. ನಾನು ಯೋಚಿಸಿಯೇ ಹೋಗಿದ್ದೆ. ವಿಂಡೋಸ್ ಬಿಟ್ಟು ಬೇರೇನೂ ಇಲ್ಲದ ಒಂದು ಕಂಪ್ಯೂಟರ್ ಇಡಬೇಕು. ಹೊರಗೆ ಹೋಗುವ ಪ್ರತಿ ಅಪ್ಲಿಕೇಶನ್ನೂ ಮೊದಲು ಅದರ ಮೇಲೆ ನಡೆಯಬೇಕು. ನಡೆಸಿ ನೋಡುವ ಕೆಲಸವನ್ನು ಕಿರಿಯರ ಮೇಲೆ ಹಾಕದೆ ಖುದ್ದು ಮ್ಯಾನೇಜರೇ ಮಾಡಬೇಕು. ಡೈರೆಕ್ಟರ್ ಒಪ್ಪಿದರು. ಅದನ್ನು ನಾವು ಬೋಳು ಮೆಷಿನ್ ಎನ್ನುತ್ತಿದ್ದೆವು. ಎಲ್ಲಿ ಇಡಬೇಕೆಂದು ಆರಿಸಿದವಳೂ ನಾನೇ: ನೀರಿನ ಫಿಲ್ಟರಿನ ಪಕ್ಕ, ಇಡೀ ಆಫೀಸು ಬಾಟಲಿ ಹಿಡಿದು ಓಡಾಡುವಲ್ಲಿ. ನಾನು ಕಟ್ಟಿದ ಪ್ರತಿ ಪ್ರೋಗ್ರಾಮನ್ನು ಶ್ರೀಕಾಂತ ಸರ್ ಅಲ್ಲಿ ಕೂತು ತೆರೆದು, ಮುಚ್ಚಿ, ನಡೆಯುತ್ತದೆ ಎಂದು ನನಗೆ ಬಂದು ಹೇಳಬೇಕಾಗಿತ್ತು. "ಎಲ್ಲಾ ಬಟನ್ ಒತ್ತಿ ನೋಡೀರೇನ್ರಿ ಸರ್?" ಎಂದು ಪ್ರತಿ ಸಲ ಕೇಳುತ್ತಿದ್ದೆ. ಅಗತ್ಯ ಇಲ್ಲದಾಗಲೂ ಕೇಳುತ್ತಿದ್ದೆ. ನಿಜ ಹೇಳಬೇಕೆಂದರೆ, ಬರಬರುತ್ತ ಅವರು ತಪ್ಪು ಹಿಡಿಯುವುದರಲ್ಲಿ ಬಹಳ ಚುರುಕಾದರು, ಒಂದೆರಡು ಸಲ ನನ್ನ ಮರ್ಯಾದೆಯನ್ನೂ ಉಳಿಸಿದರು. ಅದರಿಂದ ನನ್ನ ಸಿಟ್ಟೇನೂ ಇಳಿಯಲಿಲ್ಲ.

ಕೆಲವು ವರ್ಷಗಳ ನಂತರ ಅವರು ಕಂಪನಿ ಬಿಟ್ಟರು. ಬೀಳ್ಕೊಡುಗೆಯ ದಿನ ಎಲ್ಲರೂ ಕೇಕು ತಿನ್ನುತ್ತಿರುವಾಗ ನನ್ನ ಮೇಜಿಗೆ ಬಂದು ನಿಂತರು.

"ಒಂದು ಕೇಳ್ಲೇನ್ರಿ ಮಂಗಲಾ? ಅವತ್ತ ಆ ಸಿ.ಡಿ. ನೀವು ಬಾಯಿ ಮುಚ್ಚಿ ಕೊಟ್ಟಿದ್ರ ಏನ ಕಳ್ಕೋತಿದ್ರಿ? ನಾ ಏನ ನಿಮ್ಮನ್ನ ಖರೇನs ಕಳಸ್ತಿದ್ನೇನು?"

"ಕಳಸ್ತಿದ್ರಿ ಸರ್," ಎಂದೆ.

ಅವರು ಕೈಯಲ್ಲಿದ್ದ ಕೇಕಿನ ತಟ್ಟೆ ಕೆಳಗಿಟ್ಟು, "ಹೌದ್ರಿ, ಕಳಸ್ತಿದ್ದೆ" ಎಂದು ನಕ್ಕರು. ನಾನು ನಗಲಿಲ್ಲ. ನನ್ನನ್ನು ನೋಡಿ ಅವರೂ ನಗು ನಿಲ್ಲಿಸಿದರು.

ಈಗ ನಾನು ಹೊಸಬರಿಗೆ ತರಬೇತಿ ಕೊಡುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಎರಡು ಸಂಗತಿ. ನೀವು ಹಿಂದೆಂದೂ ಕೈಯಿಡದ ಕಂಪ್ಯೂಟರಿನಲ್ಲಿ ನಡೆಯುವವರೆಗೆ ನಿಮ್ಮ ಪ್ರೋಗ್ರಾಂ ನಡೆಯುತ್ತದೆ ಎಂದು ಹೇಳಬೇಡಿ; ಇದು ಎಲ್ಲರಿಗೂ ಹೇಳುವ ಮಾತು. ನನ್ನ ಹಾಗೆ ಮನೆಯಲ್ಲಿ ಮೊದಲು ಓದಿ ಬಂದವರು ಸಿಕ್ಕಾಗ ಇನ್ನೊಂದನ್ನೂ ಹೇಳುತ್ತೇನೆ. ಮೇಲಿನವರ ತಪ್ಪು ಕಂಡರೆ ನಾಲ್ಕು ಜನರ ಎದುರು, ಬಿಡಿಸಿ ಹೇಳಿ, ಒಂದು ಸಲ ಎಚ್ಚರಿಸಿ. ನಕ್ಕರೆ ಸುಮ್ಮನೆ ಬನ್ನಿ. ಸರಿಯಾದದ್ದನ್ನು ಮಾಡಿ ಚೀಲದಲ್ಲಿ ಇಟ್ಟುಕೊಳ್ಳಿ, ಮತ್ತು ನಿಮ್ಮ ಹೆಸರು ಹಿಡಿದು ಕೇಳುವವರೆಗೆ ಚೀಲ ಬಿಚ್ಚಬೇಡಿ.